ಅರುವತ್ತಕ್ಕೆ ಅರಳುಮರುಳೆ?

'ಅರುವತ್ತಕ್ಕೆ ಅರಳುಮರುಳು' ಎಂಬ ಗಾದೆಯನ್ನು ನಮ್ಮವರು ಹಿಂದೆ ವಿನೋದಕ್ಕಾಗಿ ಆಡುತ್ತಿದ್ದರು. ಈಗ ತೀರ್ಪಿನಂತೆ ಆಡತೊಡಗಿದ್ದಾರೆ. ಮನೆಯ ಅಜ್ಜಿಯು ಮೊಬೈಲು ಫೋನನ್ನು ಕೈಗೆತ್ತಿಕೊಂಡು, 'ಇದರಲ್ಲಿ ಮಾತಾಡುವುದು ಹೇಗಪ್ಪ?' ಎಂದು ಮೊಮ್ಮಗನನ್ನು ಕೇಳಿದರೆ, 'ಈ ವಯಸ್ಸಿನಲ್ಲಿ ನಿನಗೇಕಜ್ಜಿ ಇದೆಲ್ಲ?' ಎಂಬುದೇ ಉತ್ತರ. ಅಂತರಜಾಲವು ಎಳೆಯರ ಸೊತ್ತು, ವೃದ್ಧರಿಗೆ ಜಪಮಣಿಯೇ ಸಾಕು ಎಂಬ ಈ ಭಾವನೆಯು ಅವಿವೇಕವೂ ಹೌದು, ಅನ್ಯಾಯವೂ ಹೌದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಸ್ಥಿತಿಯನ್ನು ಬಲ್ಲ ವಾಚಕರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಮಳೆಯನ್ನು ನಂಬಿದ ರಾಗಿ, ಕಡಲೆಕಾಯಿಯ ಹೊಲಗಳು. ಮಳೆ ತಪ್ಪಿದರೆ ಬೆಂಗಳೂರಿನ ಬಸ್ಸು. ಹರೆಯದವರು ಹೊರಟುಹೋದ ಮನೆಗಳಲ್ಲಿ ಉಳಿಯುವವರು ವೃದ್ಧರು. ಪಾವಗಡವಂತೂ ಬಹುಮಟ್ಟಿಗೆ ಆಂಧ್ರದ ನೆಲದಿಂದ ಸುತ್ತುವರಿದ ತಾಲ್ಲೂಕು. ಮಗಳನ್ನು ಮಡಕಶಿರಾಕ್ಕೋ ಕಲ್ಯಾಣದುರ್ಗಕ್ಕೋ ಕೊಟ್ಟ ತಾಯಂದಿರು ಅಲ್ಲಿ ಅನೇಕರು. ಅದೇ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆ ಭೂಮಿಯಲ್ಲಿ 2018ರಲ್ಲಿ ಸೌರವಿದ್ಯುತ್ ಸ್ಥಾವರವು ಆರಂಭವಾಯಿತು. ಹೊಲವನ್ನು ಗುತ್ತಿಗೆಗೆ ಕೊಟ್ಟ ರೈತನಿಗೆ ವರ್ಷಕ್ಕಿಷ್ಟೆಂದು ಹಣವು ಬರುವುದು ನಿಜ. ಆದರೆ ಬದುವಿನ ಮೇಲೆ ಕುಳಿತು ನಾಲ್ಕು ಜನರೊಡನೆ ಆಡುತ್ತಿದ್ದ ಮಾತಿಗೆ ಗುತ್ತಿಗೆಯನ್ನು ಕೊಡುವವರು ಯಾರು?

ಹಿಂದೆ ಅಂಚೆಯ ಕಾರ್ಡೊಂದೇ ಆಧಾರವಾಗಿತ್ತು. ಓದು ಬಾರದ ತಾಯಿ ಮಗನ ಕಾಗದವನ್ನು ನೆರೆಯವರ ಬಾಯಿಂದ ಕೇಳಬೇಕಾಗಿತ್ತು. ಉತ್ತರ ಬರೆಯಿಸುವಾಗ ತನ್ನ ಸಂಕಟದಲ್ಲಿ ಅರ್ಧವನ್ನು ನುಂಗಬೇಕಾಗಿತ್ತು. ಈಗ ವಾಟ್ಸಾಪಿನಲ್ಲಿ ಮೈಕಿನ ಗುರುತನ್ನು ಒತ್ತಿಹಿಡಿದು ಮಾತಾಡಿದರೆ ಆಕೆಯ ಸ್ವರವೇ ಮಗನ ಕಿವಿಯನ್ನು ಮುಟ್ಟುವುದು. ಕನ್ನಡವಾಗಲಿ ತೆಲುಗಾಗಲಿ, ಅಕ್ಷರವು ಅಡ್ಡಿಯಲ್ಲ, ನಡುವೆ ಮೂರನೆಯವರಿಲ್ಲ. ಇಂಥ ಸೌಕರ್ಯವು ಯಾರಿಗೆ ಅತ್ಯಗತ್ಯವೋ ಅವರಿಗೇ ಅದನ್ನು ನಿರಾಕರಿಸುವುದು ಯಾವ ನ್ಯಾಯ?

ಇಲ್ಲಿ ಎರಡು ಆಕ್ಷೇಪಣೆಗಳು ಬರುವುದುಂಟು. ಫೋನಿನಲ್ಲಿ ಮುಖ ಕಂಡರೆ ಮಗ ಮನೆಗೆ ಬಂದಂತಾಯಿತೆ ಎಂಬುದು ಮೊದಲನೆಯದು. ಆಗುವುದಿಲ್ಲ. ಫೋನು ಕೊಂಡುಕೊಟ್ಟೆನೆಂಬ ನೆವದಿಂದ ಹಬ್ಬಕ್ಕೂ ಊರಿಗೆ ಬಾರದ ಮಗನನ್ನು ನಾವು ಸಮರ್ಥಿಸತಕ್ಕವರಲ್ಲ. ಆದರೆ ಊಟಕ್ಕೆ ಸಮನಲ್ಲವೆಂದು ಗಂಜಿಯನ್ನೂ ಕಿತ್ತುಕೊಳ್ಳುವುದು ಧರ್ಮವಲ್ಲ.

ವೃದ್ಧರು ಮೋಸಹೋಗುವರೆಂಬುದು ಎರಡನೆಯದು. ಮೋಸವುಂಟು, 'ಡಿಜಿಟಲ್ ಅರೆಸ್ಟ್' ಎಂಬ ವಂಚನೆಯ ವಿಷಯವಾಗಿ 2024ರಲ್ಲಿ ಪ್ರಧಾನಮಂತ್ರಿಗಳೇ ಆಕಾಶವಾಣಿಯಲ್ಲಿ ಎಚ್ಚರಿಕೆ ಕೊಡಬೇಕಾಯಿತು. ಆದರೆ ಹಣ ಕಳೆದುಕೊಂಡ ತಂದೆಯ ಕೈಯಿಂದ ಫೋನನ್ನೂ ಕಸಿದುಕೊಂಡರೆ ದಂಡನೆಯಾದುದು ಕಳ್ಳನಿಗೋ ತಂದೆಗೋ? ಫೋನಿನ ಮೂಲಕ ಬಂಧಿಸುವ ಕ್ರಮವು ನಮ್ಮ ಕಾನೂನಿನಲ್ಲಿಲ್ಲ. ಗುಪ್ತಸಂಖ್ಯೆಯನ್ನು ಯಾರಿಗೂ ಹೇಳಬಾರದು. ಹಣ ಹೋದೊಡನೆ 1930ಕ್ಕೆ ತಿಳಿಸಬೇಕು. ಇಷ್ಟನ್ನು ಕಲಿಸಲು ಅರ್ಧ ಗಂಟೆ ಸಾಕು. ಬಾವಿಗೆ ಬಿದ್ದವರುಂಟೆಂದು ನಮ್ಮ ಹಿರಿಯರು ನೀರು ಸೇದುವುದನ್ನು ಬಿಡಲಿಲ್ಲ. ಬಾವಿಗೆ ಕಟ್ಟೆ ಕಟ್ಟಿದರು.

ಕೊರತೆಯಿರುವುದು ವೃದ್ಧರ ಬುದ್ಧಿಯಲ್ಲಲ್ಲ, ನಮ್ಮ ತಾಳ್ಮೆಯಲ್ಲಿ. ಫೋನಿನ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ, ಅಕ್ಷರಗಳನ್ನು ದೊಡ್ಡದು ಮಾಡಿ ತಾಯಿಯ ಕೈಗೆ ಕೊಟ್ಟ ವಿದ್ಯಾವಂತರು ನಮ್ಮಲ್ಲಿ ಎಷ್ಟು ಮಂದಿ? ಒಮ್ಮೆ ತೋರಿಸಿ, ಎರಡನೆಯ ಬಾರಿ ಕೇಳಿದರೆ ಗದರುವವರೇ ಹೆಚ್ಚು.

ಆದಕಾರಣ ನಮ್ಮ ಸೂಚನೆಯಿಷ್ಟೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳೆನಿಸಿವೆ. ನಾಲ್ಕು ತಾಲ್ಲೂಕುಗಳಲ್ಲಿಯೂ ವಾರಕ್ಕೊಂದು ಗಂಟೆ ಅಲ್ಲಿ ಹಿರಿಯರಿಗೆ ಮೀಸಲಾಗಲಿ. ಕಾಲೇಜಿನ ವಿದ್ಯಾರ್ಥಿಗಳು ಕಲಿಸಲಿ. ನಮ್ಮ ಸಾಹಿತ್ಯ ಸಂಘಗಳು ಮುಂದೆ ನಿಲ್ಲಲಿ. ಅಲ್ಲಿಯವರೆಗೆ ಪ್ರತಿಯೊಂದು ಮನೆಯೂ ಶಾಲೆಯಾಗಲಿ.

ನಮ್ಮ ಬೆರಳು ಹಿಡಿದು ಮರಳಿನ ಮೇಲೆ 'ಅ' ತಿದ್ದಿಸಿದವರು ಎಷ್ಟು ಬಾರಿ ತಿದ್ದಿಸಿದೆವೆಂದು ಲೆಕ್ಕವಿಡಲಿಲ್ಲ. ಅದೇ ಕೈಗಳು ಇಂದು ನಡುಗುತ್ತ ನಮ್ಮ ಮುಂದೆ ಫೋನನ್ನು ಹಿಡಿದಿವೆ. ಹತ್ತನೆಯ ಬಾರಿ ಕೇಳಿದರೂ ಹೇಳಿಕೊಡುವುದು ಉಪಕಾರವಲ್ಲ, ತೀರಿಸತಕ್ಕ ಸಾಲ.