ಇರುಳಿನ ಹೋಟೆಲು ಮತ್ತು ಮೂರನೆಯ ಪಾಳಿ

ಅಂಗಡಿ, ಹೋಟೆಲುಗಳು ದಿನದ 24 ಗಂಟೆಯೂ ತೆರೆದಿರಬಹುದೆಂದು ಮಹಾರಾಷ್ಟ್ರ ಸರಕಾರವು 2025ರ ಅಕ್ಟೋಬರ್ ತಿಂಗಳಲ್ಲಿ ಸ್ಪಷ್ಟಪಡಿಸಿತು. ಮದ್ಯ ಒದಗಿಸುವ ಸ್ಥಳಗಳಿಗೆ ಮಾತ್ರ ಈ ಸೌಕರ್ಯವಿಲ್ಲ. ಬೇಲಾಪುರದಿಂದ ಡೊಂಬಿವಲಿಯವರೆಗೆ ಇಡ್ಲಿ, ಚಹಗಳ ವ್ಯಾಪಾರವನ್ನೇ ನಂಬಿರುವ ನಮ್ಮವರಿಗೆ ಇದು ಶುಭವಾರ್ತೆಯೇ ಸರಿ. ಆದರೆ ಹಿಗ್ಗುವ ಮುನ್ನ ಒಂದಿಷ್ಟು ಆಲೋಚಿಸುವುದು ಲೇಸು.

ಇರುಳೆಲ್ಲ ಎಚ್ಚತ್ತಿರುವ ರಾಜಧಾನಿಯೆಂದು ಪ್ರವಾಸಿಗರು ಹೊಗಳುವುದು ಬರ್ಲಿನ್ ನಗರವನ್ನು. ಅಲ್ಲಿಯ ಹಳೆಯ ವಿದ್ಯುದಾಗಾರವೊಂದರಲ್ಲಿ ನೆಲೆಸಿದ ಬೆರ್ಗೈನ್ ಎಂಬ ನೃತ್ಯಗೃಹದ ಬಾಗಿಲಲ್ಲಿ ಜನರು ಗಂಟೆಗಟ್ಟಲೆ ಕಾದು ನಿಲ್ಲುವರು. ಈ ಕೀರ್ತಿಯ ಮೂಲದಲ್ಲಿರುವವರು ನಮ್ಮಂತೆಯೇ ಒಬ್ಬ ಹೋಟೆಲುದ್ಯಮಿಯೆಂಬುದು ಸ್ವಾರಸ್ಯಕರ. ರಾತ್ರಿ ಇಂತಿಷ್ಟು ಹೊತ್ತಿಗೆ ಬಾಗಿಲು ಮುಚ್ಚಬೇಕೆಂಬ ಯುದ್ಧಾನಂತರದ ಕಟ್ಟಳೆಯನ್ನು ತೆಗೆಯುವಂತೆ ಹೈಂಜ್ ಜೆಲ್ಲರ್‌ಮೇಯರ್ ಎಂಬವರು 1949ರಲ್ಲಿ ಪಶ್ಚಿಮ ಬರ್ಲಿನಿನ ಅಮೆರಿಕನ್ ಸೇನಾಧಿಕಾರಿ ಹೌಲಿಯವರನ್ನು ಒಪ್ಪಿಸಿದರು. ವಿಸ್ಕಿಯ ಬಾಟಲಿಯೊಂದು ಇದಕ್ಕೆ ನೆರವಾಯಿತೆಂದೂ ಹೇಳುವರು.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಅಲ್ಲಿ ಎಲ್ಲವೂ ಆಗಲಿಲ್ಲ. ವಾರಾಂತ್ಯದಲ್ಲಿ ನೆಲದಡಿಯ ರೈಲು ರಾತ್ರಿಯಿಡೀ ಓಡುವುದು. ಉಳಿದ ರಾತ್ರಿಗಳಿಗೆ ಬಸ್ಸುಗಳುಂಟು. ಕುಣಿದವನಂತೆ ಬಡಿಸಿದವನೂ ಮನೆ ಸೇರಬಲ್ಲನು.

ನಮ್ಮಲ್ಲಿಯೂ ಇರುಳಿನ ಗಿರಾಕಿಗಳಿಲ್ಲದಿಲ್ಲ. ವಾಶಿಯ ಸಗಟು ಮಾರುಕಟ್ಟೆಯ ಹಮಾಲರು, ಆಸ್ಪತ್ರೆಯ ದಾದಿಯರು, ರಿಕ್ಷಾ ಚಾಲಕರು ಇವರಿಗೆಲ್ಲ ನಡುರಾತ್ರಿ ಬಿಸಿ ಊಟ ದೊರೆತರೆ ಪುಣ್ಯವೇ. ಆದರೆ ಹಾರ್ಬರ್ ಮಾರ್ಗದ ಲೋಕಲ್ ಮಧ್ಯರಾತ್ರಿ ಕಳೆದ ಮೇಲೆ ಕೆಲವು ಗಂಟೆ ಓಡದು. ಬಡಿಸುವ ಮಾಣಿಯು ಹೋಗುವುದೆಲ್ಲಿಗೆ?

ಸಂಪಾದಕನ ಕುರ್ಚಿಗೆ ಬರುವ ಮೊದಲು ನಾವು ಹಲವು ವರ್ಷ ಗಲ್ಲಾದ ಹಿಂದೆ ಕುಳಿತವರು. ಶಟರು ಎಳೆದ ಬಳಿಕ ಮೇಜುಗಳನ್ನು ಜೋಡಿಸಿ ಅವುಗಳ ಮೇಲೆಯೇ ಮಲಗಿ, ನಸುಕಿನಲ್ಲಿ ಇಡ್ಲಿ ಬೇಯಿಸಲು ಏಳುವ ಹುಡುಗರನ್ನು ಕಂಡವರು. ಹೋಟೆಲು ಮುಚ್ಚದೆಯೇ ಇದ್ದರೆ ಆ ಮೇಜೂ ಅವರಿಗೆ ದೊರೆಯದು.

ಪ್ರತಿಯೊಬ್ಬ ಕೆಲಸಗಾರನಿಗೂ ವಾರಕ್ಕೊಮ್ಮೆ ಸತತ 24 ಗಂಟೆಗಳ ವಿರಾಮ ಕೊಡಬೇಕೆಂದು ಸರಕಾರವು ವಿಧಿಸಿದೆ. ರಾತ್ರಿ 9.30ರ ಬಳಿಕ ದುಡಿಯುವ ಸ್ತ್ರೀಯರ ಸಮ್ಮತಿ, ರಕ್ಷಣೆ ಹಾಗೂ ವಾಹನದ ಹೊಣೆಯನ್ನು 2017ರ ಕಾಯಿದೆಯು ಧನಿಯ ಮೇಲೆಯೇ ಹೊರಿಸಿದೆ. ಎರಡು ಪಾಳಿಯ ಜನರನ್ನೇ ಮೂರಕ್ಕೆ ಎಳೆದರೆ ಈ ನಿಯಮಗಳು ಕಾಗದದಲ್ಲಿಯೇ ಉಳಿಯುವುವು.

ಹಿಂದೆ ಮುಂಬಯಿಯ ಎಷ್ಟೋ ಹೋಟೆಲು ಹುಡುಗರಿಗೆ ರಾತ್ರಿಯೆಂದರೆ ಕನ್ನಡ ರಾತ್ರಿಶಾಲೆ. ಹಗಲು ಲೋಟ ತೊಳೆದ ಕೈಗಳೇ ಅಲ್ಲಿ ಬಳಪ ಹಿಡಿದುವು. ಅವರ ಪಾಲಿಗೆ ಉಳಿದಿದ್ದ ಆ ಹೊತ್ತನ್ನು ಇಂದು ನಾವು ಕಸಿಯಬಾರದು. ಮೂರನೆಯ ಪಾಳಿಗೆ ಹೊಸ ಜನರನ್ನೂ, ಅವರಿಗೆ ಮಲಗಲು ಬೇರೆ ಎಡೆಯನ್ನೂ ಒದಗಿಸಬಲ್ಲ ಧನಿಗಳು ಧಾರಾಳವಾಗಿ ತೆರೆದಿರಲಿ. ಉಳಿದವರು ಹನ್ನೊಂದಕ್ಕೆ ಶಟರು ಎಳೆದರೆ ಅದರಲ್ಲಿ ನಾಚುವಂತಹುದೇನೂ ಇಲ್ಲ.