ಭದ್ರತಾ ಘಟಕದ ಬೀಗದ ಕೈ ಮಾಲೀಕರ ಬಳಿಯೇ ಇರಲಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಸರಸ್ವತಿಪುರಂನ ಔಷಧಿ ಅಂಗಡಿಯಿಂದ ಹೆಬ್ಬಾಳದ ಸಣ್ಣ ಕಾರ್ಖಾನೆಯವರೆಗೆ, ಲೆಕ್ಕಪತ್ರಗಳಿಗೆ ಗಣಕಯಂತ್ರವನ್ನೇ ನೆಚ್ಚಿಕೊಂಡವರು ವಿಂಡೋಸ್ 11ರ ಕಡೆಗೆ ಸಾಗಲೇಬೇಕಾಗಿದೆ. ಹಳೆಯ ಯಂತ್ರದಲ್ಲಿ "ಟಿಪಿಎಂ 2.0 ಇಲ್ಲ" ಎಂಬ ಸಂದೇಶ ಕಂಡೊಡನೆ ಅದನ್ನು ಗುಜರಿಗೆ ಹಾಕುವುದು ದುಂದುವೆಚ್ಚ. ಸಿದ್ಧತೆಯಿಲ್ಲದೆ ಅದರ ಒಳವ್ಯವಸ್ಥೆಯನ್ನು ಬದಲಿಸಹೊರಡುವುದು ಅದಕ್ಕಿಂತ ದೊಡ್ಡ ನಷ್ಟಕ್ಕೆ ದಾರಿ.

ಟಿಪಿಎಂ ಎಂಬುದು ರಹಸ್ಯ ಕೀಲಿಗಳನ್ನು ಕಾಯುವ ಭದ್ರತಾ ಘಟಕ. ಹಿಂದೆ ಇದು ಮದರ್‌ಬೋರ್ಡಿನ ಮೇಲಿನ ಪ್ರತ್ಯೇಕ ಚಿಪ್ ಆಗಿರುತ್ತಿತ್ತು. ಇಂದಿನ ಅನೇಕ ಯಂತ್ರಗಳಲ್ಲಿ ಅದು ಫರ್ಮ್‌ವೇರ್ ರೂಪದಲ್ಲಿದೆ. ಇಂಟೆಲ್ ಅದನ್ನು ಪಿಟಿಟಿ ಎಂದೂ ಎಎಂಡಿ ಎಫ್‌ಟಿಪಿಎಂ ಎಂದೂ ಕರೆಯುತ್ತವೆ. ಯಂತ್ರ ಚಾಲನೆಗೊಂಡಾಗ ಈ ಘಟಕವನ್ನು ಎಲ್ಲಿ ಸಂಪರ್ಕಿಸಬೇಕೆಂಬುದನ್ನು ಫರ್ಮ್‌ವೇರ್ ಒಂದು ಕೋಷ್ಟಕದ ಮೂಲಕ ವಿಂಡೋಸ್‌ಗೆ ತಿಳಿಸುತ್ತದೆ. ವಿಂಡೋಸ್‌ನ ಡ್ರೈವರ್ ಆ ನಿಗದಿತ ಸ್ಥಳದಲ್ಲಿ ತನ್ನ ಆಜ್ಞೆಯನ್ನಿರಿಸುತ್ತದೆ. ಘಟಕವು ಒಳಗೇ ಕೆಲಸ ಮುಗಿಸಿ ಉತ್ತರವನ್ನು ಹೊರಗಿರಿಸುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಚೀಟಿ ಕೊಟ್ಟವರು ತಿಜೋರಿಯ ಕೋಣೆಗೆ ಕಾಲಿಡದಂತೆಯೇ ಇದು. ಬಯಾಸ್‌ನಲ್ಲಿ ಘಟಕವನ್ನು ನಿಷ್ಕ್ರಿಯವಾಗಿ ಇರಿಸಿದ್ದರೆ ಡ್ರೈವರ್‌ಗೆ ಅದು ಕಾಣುವುದೇ ಇಲ್ಲ. ಆದುದರಿಂದ "ಇಲ್ಲ" ಎಂಬ ಸಂದೇಶಕ್ಕೆ ಎಷ್ಟೋ ವೇಳೆ "ಚಾಲೂ ಮಾಡಿಲ್ಲ" ಎಂದಷ್ಟೇ ಅರ್ಥ.

ಅಪಾಯವಿರುವುದು ಮುಂದಿನ ಹೆಜ್ಜೆಯಲ್ಲಿ. ಬಿಟ್‌ಲಾಕರ್ ಮೂಲಕ ಡಿಸ್ಕಿಗೆ ಬೀಗ ಹಾಕಿದ್ದಾಗ, ಯಂತ್ರದ ಆರಂಭಿಕ ಸ್ಥಿತಿ ಮೊದಲಿನಂತೆಯೇ ಇದ್ದರೆ ಮಾತ್ರ ಘಟಕವು ಕೀಲಿಯನ್ನು ಬಿಟ್ಟುಕೊಡುತ್ತದೆ. ಬಯಾಸ್ ನವೀಕರಿಸಿದರೆ ಅಥವಾ ಘಟಕವನ್ನು ಅಳಿಸಿದರೆ 48 ಅಂಕಿಗಳ ಮರುಪ್ರಾಪ್ತಿ ಸಂಖ್ಯೆಯನ್ನು ಯಂತ್ರವು ಕೇಳಬಹುದು. ಕೆಲವು ರೈಜನ್ ಯಂತ್ರಗಳು ಎಫ್‌ಟಿಪಿಎಂನಿಂದಾಗಿ ಆಗಾಗ ತಡವರಿಸುತ್ತವೆಂದು 2022ರಲ್ಲಿ ಒಪ್ಪಿಕೊಂಡ ಎಎಂಡಿ ಸಂಸ್ಥೆಯೇ, ಪ್ರತ್ಯೇಕ ಚಿಪ್‌ಗೆ ಬದಲಾಯಿಸುವ ಮುನ್ನ ಇಂತಹ ಬೀಗವನ್ನು ತೆಗೆದಿರಿಸಿ ದತ್ತಾಂಶದ ಪ್ರತಿ ಮಾಡಿಕೊಳ್ಳಲು ಸೂಚಿಸಿತ್ತು. ಜಿಎಸ್‌ಟಿ ಕಾಯ್ದೆಯಂತೆ ವಾರ್ಷಿಕ ರಿಟರ್ನ್ ಸಲ್ಲಿಕೆಯ ಗಡುವಿನಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕಾದ ವರ್ತಕರಿಗೆ ಆ ಸಂಖ್ಯೆ ಕಳೆಯುವುದೆಂದರೆ ಖಾತೆ ಪುಸ್ತಕಗಳನ್ನೇ ಕಳೆದುಕೊಂಡಂತೆ.

2024ರ ವಿಂಡೋಸ್ 11 ಆವೃತ್ತಿಯಿಂದೀಚೆಗೆ ಹೊಸದಾಗಿ ಅಳವಡಿಸಿದ ಅನೇಕ ಯಂತ್ರಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದಾಗ ಈ ಬೀಗ ತಾನಾಗಿಯೇ ಬೀಳುತ್ತದೆ. ಮರುಪ್ರಾಪ್ತಿ ಸಂಖ್ಯೆ ಆ ಖಾತೆಗೇ ಸೇರುತ್ತದೆ. ಅನುಕೂಲಕ್ಕೆಂದು ಯಂತ್ರ ಅಳವಡಿಸಿದವರ ಖಾತೆಯನ್ನೇ ಬಳಸಿದರೆ ಅಂಗಡಿಯ ಲೆಕ್ಕ ಮಾಲೀಕರದು, ಬೀಗದ ಕೈ ಮತ್ತೊಬ್ಬರದು ಎಂಬಂತಾಗುತ್ತದೆ. ತಿಜೋರಿಯ ಕೀಲಿಯನ್ನು ದುರಸ್ತಿಯವರಲ್ಲಿ ಬಿಟ್ಟುಬರುವ ವರ್ತಕರು ಯಾರಿದ್ದಾರೆ?

ಆದುದರಿಂದ ಮೊದಲು ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಮೂಲಕ ಯಂತ್ರವನ್ನು ಪರೀಕ್ಷಿಸಬೇಕು. ಇಂಟೆಲ್‌ನ 8ನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರ್ ಇದ್ದರೆ ಘಟಕವನ್ನು ಚಾಲೂ ಮಾಡಿದರೂ ಸಾಮಾನ್ಯವಾಗಿ ಅರ್ಹತೆ ದೊರೆಯದು. ಅರ್ಹವಾಗಿದ್ದಲ್ಲಿ ಲೆಕ್ಕಪತ್ರಗಳ ಪ್ರತಿಯನ್ನು ಬೇರೆಡೆ ಇರಿಸಿ, ಮರುಪ್ರಾಪ್ತಿ ಸಂಖ್ಯೆಯನ್ನು ಮುದ್ರಿಸಿ ಕ್ರಯಪತ್ರಗಳ ಜೊತೆಗಿಟ್ಟು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿದ ಬಳಿಕವೇ ಬಯಾಸ್‌ಗೆ ಕೈಹಚ್ಚಬೇಕು. ದುರಸ್ತಿಯ ಕೆಲಸವನ್ನು ಇತರರಿಗೆ ವಹಿಸಬಹುದು. ಕೀಲಿಯ ಹೊಣೆ ಮಾತ್ರ ಮಾಲೀಕರದೇ.