ಸಾದಾ ಪೆಟ್ರೋಲೋ, 95 ಆಕ್ಟೇನೋ? ಇ20 ಕಾಲದಲ್ಲಿ ರೈತರ ಇಂಧನ ಲೆಕ್ಕಾಚಾರ



ಬಬಲೇಶ್ವರ ತಾಲ್ಲೂಕಿನ ಮಮದಾಪುರ ಹಾಗೂ ಸುತ್ತಲಿನ ಗ್ರಾಮಗಳಿಂದ ನಿಂಬೆ, ದ್ರಾಕ್ಷಿ, ಈರುಳ್ಳಿ ಮತ್ತು ತರಕಾರಿಗಳನ್ನು ವಿಜಯಪುರದ ಮಾರುಕಟ್ಟೆಗೆ ಸಾಗಿಸಲು ಪೆಟ್ರೋಲ್ ಚಾಲಿತ ಸಣ್ಣ ಪಿಕಪ್ ವಾಹನಗಳೂ ಬಳಕೆಯಲ್ಲಿವೆ. ಇ20 ಪೆಟ್ರೋಲ್ ಬಂದ ಮೇಲೆ ಇವುಗಳ ಮಾಲೀಕರಲ್ಲಿ ಒಂದು ಪ್ರಶ್ನೆ ಮೂಡಿದೆ: ‘ಮೈಲೇಜ್ ಕಡಿಮೆಯಾಗಿದೆ, ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚು ಕೊಟ್ಟು 95 ಆಕ್ಟೇನ್ ಪೆಟ್ರೋಲ್ ಹಾಕಿಸಿದರೆ ಸರಿಹೋಗುವುದೇ?’ ಬಹುಪಾಲು ವಾಹನಗಳಿಗೆ ಇದರ ಉತ್ತರ ‘ಇಲ್ಲ’ ಎಂಬುದೇ ಆಗಿದೆ. ಕಾರಣಗಳನ್ನು ಕ್ರಮವಾಗಿ ಪರಿಶೀಲಿಸೋಣ.

ಬದಲಾವಣೆಯ ಹಿನ್ನೆಲೆ

ರಾಷ್ಟ್ರೀಯ ಜೈವಿಕ ಇಂಧನ ನೀತಿ 2018ರಲ್ಲಿ ಜಾರಿಗೆ ಬಂದಿತು. ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಮಿಶ್ರಣವನ್ನು 2030ರೊಳಗೆ ಸಾಧಿಸುವುದು ಅದರ ಗುರಿಯಾಗಿತ್ತು. 2022ರ ತಿದ್ದುಪಡಿಯಲ್ಲಿ ಈ ಗುರಿಯನ್ನು 2025-26ಕ್ಕೆ ಹಿಂದಕ್ಕೆ ತರಲಾಯಿತು. ಶೇ. 10ರ ಮಿಶ್ರಣವು ಜೂನ್ 2022ರಲ್ಲಿ ಕೈಗೂಡಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20 ಇಂಧನಕ್ಕೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ಇ20 ದೇಶದ ಸಾಮಾನ್ಯ ಪೆಟ್ರೋಲೇ ಆಗಿಬಿಟ್ಟಿತು. ಎಥೆನಾಲ್ ರಹಿತ ಪೆಟ್ರೋಲಿನ ಆಯ್ಕೆಯೂ ಇರಬೇಕೆಂದು ಕೋರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರ್ 1ರಂದು ವಜಾಗೊಳಿಸಿತು. ಆದುದರಿಂದ ಈ ಇಂಧನದೊಂದಿಗೆ ಮಿತವ್ಯಯದಿಂದ ಬಾಳುವ ಬಗೆಯನ್ನು ಅರಿಯುವುದೇ ಸದ್ಯದ ದಾರಿಯಾಗಿದೆ.

ಆಕ್ಟೇನ್ ಎಂದರೆ ಶಕ್ತಿಯಲ್ಲ

ಎಂಜಿನ್ನಿನೊಳಗೆ ಇಂಧನ ಮತ್ತು ಗಾಳಿಯ ಮಿಶ್ರಣವು ಒತ್ತಲ್ಪಟ್ಟಾಗ, ಕಿಡಿ ಹೊತ್ತಿಸಿದ ಜ್ವಾಲೆ ತಲುಪುವ ಮುನ್ನವೇ ಅದರ ಒಂದು ಭಾಗ ತಾನಾಗಿ ಸಿಡಿದರೆ ‘ಟಕ್ ಟಕ್’ ಎಂಬ ಬಡಿತದ ಸದ್ದು ಕೇಳಿಸುತ್ತದೆ. ಇದನ್ನು ನಾಕಿಂಗ್ ಎನ್ನುತ್ತಾರೆ. ಇಂಧನವು ಈ ಸಿಡಿತವನ್ನು ಎಷ್ಟು ತಡೆಯಬಲ್ಲುದು ಎಂಬುದರ ಅಳತೆಯೇ ಆಕ್ಟೇನ್ ಸಂಖ್ಯೆ. ಲೀಟರಿನಲ್ಲಿ ಎಷ್ಟು ಶಕ್ತಿ ಅಡಗಿದೆ ಎಂಬುದನ್ನು ಅದು ತಿಳಿಸುವುದಿಲ್ಲ. ಹೆಚ್ಚು ಸಂಕೋಚನ ಅನುಪಾತದ ಅಥವಾ ಟರ್ಬೊ ಅಳವಡಿಸಿದ ಎಂಜಿನ್ನುಗಳಿಗೆ ಅಧಿಕ ಆಕ್ಟೇನ್ ಬೇಕಾಗುತ್ತದೆ. ಸಾದಾ ಪೆಟ್ರೋಲಿಗೆಂದೇ ರೂಪಿಸಿದ ಸರಕು ವಾಹನಕ್ಕೆ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ.

ಬಿಎಸ್-6 ಮಾನದಂಡದಂತೆ ಸಾದಾ ಪೆಟ್ರೋಲಿನ ಕನಿಷ್ಠ ಆಕ್ಟೇನ್ 91 ಆಗಿತ್ತು. ಎಥೆನಾಲಿನ ಆಕ್ಟೇನ್ ಸುಮಾರು 108 ಇರುವುದರಿಂದ, ಇ20ರಲ್ಲಿ ಈ ಸಂಖ್ಯೆ 95ಕ್ಕೆ ಏರಿದೆ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ತಿಳಿಸಿತು. ಹಾಗಾದರೆ ಆಕ್ಟೇನ್ ದೃಷ್ಟಿಯಿಂದ ಸಾದಾ ಪಂಪಿಗೂ ದುಬಾರಿ ಪಂಪಿಗೂ ಇದ್ದ ಅಂತರ ಬಹುಮಟ್ಟಿಗೆ ಅಳಿದಿದೆ. ಅಂತರ್ಜಾಲದಲ್ಲಿ ಕಾಣುವ ಅಮೆರಿಕದ 87, 89 ಎಂಬ ಅಂಕಿಗಳನ್ನು ಇಲ್ಲಿಗೆ ಹೋಲಿಸಬಾರದು. ಅಲ್ಲಿಯ ಅಳತೆಯ ವಿಧಾನ ಬೇರೆ. ಅಲ್ಲಿಯ 87 ನಮ್ಮ 91ಕ್ಕೆ ಸಮೀಪವಾದುದು.

ಮೈಲೇಜ್ ಇಳಿಯುವುದೇಕೆ?

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್ ಶಕ್ತಿಯಿದ್ದರೆ, ಎಥೆನಾಲಿನಲ್ಲಿ ಸುಮಾರು 21 ಮಾತ್ರ. ಆದುದರಿಂದ ಇ10ಕ್ಕಿಂತ ಇ20ರಲ್ಲಿ ಶೇ. 3ರಿಂದ 4ರಷ್ಟು, ಶುದ್ಧ ಪೆಟ್ರೋಲಿಗಿಂತ ಶೇ. 6ರಿಂದ 7ರಷ್ಟು ಶಕ್ತಿ ಕಡಿಮೆ. ನೀತಿ ಆಯೋಗದ 2021ರ ಮಾರ್ಗಸೂಚಿಯೂ ಹಳೆಯ ವಿನ್ಯಾಸದ ನಾಲ್ಕು ಚಕ್ರದ ವಾಹನಗಳಲ್ಲಿ ಶೇ. 6-7, ದ್ವಿಚಕ್ರ ವಾಹನಗಳಲ್ಲಿ ಶೇ. 3-4, ಇ10ಕ್ಕೆ ವಿನ್ಯಾಸಗೊಂಡು ಇ20ಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಶೇ. 1-2ರಷ್ಟು ಇಂಧನ ದಕ್ಷತೆ ತಗ್ಗಬಹುದೆಂದು ಅಂದಾಜಿಸಿತ್ತು.

ಇಲ್ಲಿ ಕೊರತೆಯಾಗಿರುವುದು ಶಕ್ತಿ; ದುಬಾರಿ ಪೆಟ್ರೋಲ್ ಕೊಡುವುದು ಆಕ್ಟೇನ್. ಸಾರಜನಕದ ಕೊರತೆಯಿಂದ ಹಳದಿಯಾದ ಬೆಳೆಗೆ ಪೊಟ್ಯಾಷ್ ಹಾಕಿದಂತೆ, ರೋಗಕ್ಕೂ ಮದ್ದಿಗೂ ಇಲ್ಲಿ ಹೊಂದಿಕೆಯಿಲ್ಲ. ‘95’ ಎಂಬ ಹೆಸರು ಎಥೆನಾಲ್ ಇಲ್ಲವೆಂಬ ಖಾತರಿಯೂ ಅಲ್ಲ.

ರೂಪಾಯಿ ಲೆಕ್ಕ

ಉದಾಹರಣೆಗೆ, ನಿಮ್ಮ ವಾಹನ ತಿಂಗಳಿಗೆ 1,000 ಕಿ.ಮೀ. ಓಡುತ್ತದೆ, ಲೀಟರಿಗೆ 16 ಕಿ.ಮೀ. ಕೊಡುತ್ತದೆ ಎಂದುಕೊಳ್ಳಿ. ಬೇಕಾಗುವ ಪೆಟ್ರೋಲ್ 62.5 ಲೀಟರ್. ಲೀಟರಿಗೆ 8 ರೂ. ಹೆಚ್ಚಾದರೆ ತಿಂಗಳಿಗೆ 500 ರೂ., ವರ್ಷಕ್ಕೆ 6,000 ರೂ. ಅಧಿಕ ವೆಚ್ಚ. ಸಾದಾ ಪೆಟ್ರೋಲಿನ ಬೆಲೆ 104 ರೂ. ಎಂದಿಟ್ಟುಕೊಂಡರೆ, ಈ ವೆಚ್ಚ ಮರಳಲು ಮೈಲೇಜ್ 16ರಿಂದ 17.2 ಕಿ.ಮೀ.ಗೆ ಏರಬೇಕು. ಆಕ್ಟೇನ್ ಒಂದರಿಂದಲೇ ಇಂಥ ಏರಿಕೆಯನ್ನು ನಿರೀಕ್ಷಿಸಲಾಗದು. ಅನುಮಾನವಿದ್ದವರು ತಾವೇ ಪರೀಕ್ಷಿಸಬಹುದು: ಟ್ಯಾಂಕನ್ನು ಪೂರ್ಣ ತುಂಬಿಸಿ, ಅದೇ ದಾರಿಯಲ್ಲಿ ಅದೇ ಹೊರೆಯೊಂದಿಗೆ ಓಡಿಸಿ, ಮತ್ತೆ ಪೂರ್ಣ ತುಂಬಿಸಿ ಲೀಟರ್ ಬರೆದಿಡಿ. ಎರಡೂ ಪೆಟ್ರೋಲಿಗೆ ಮೂರು ಮೂರು ಬಾರಿ ಹೀಗೆ ಮಾಡಿ ಸರಾಸರಿ ತೆಗೆಯಿರಿ. ಒಂದೇ ಬಾರಿಯ ಅಳತೆಯನ್ನು ನಂಬಬೇಡಿ.

ಅನುಸರಿಸಬೇಕಾದ ಕ್ರಮಗಳು

1. ವಾಹನದ ಕೈಪಿಡಿಯಲ್ಲಿ ಸೂಚಿಸಿದ ಆಕ್ಟೇನ್ ಮತ್ತು ಎಥೆನಾಲ್ ಮಿತಿಯನ್ನು ಮೊದಲು ಓದಿರಿ. 95 ಕಡ್ಡಾಯವೆಂದಿದ್ದರೆ ಮಾತ್ರ ಅದನ್ನೇ ಬಳಸಿರಿ.

2. ಹೊರೆಯೊಂದಿಗೆ ಏರು ಹತ್ತುವಾಗ ಬಡಿತದ ಸದ್ದು ಬಂದರೆ ಮೊದಲು ಸ್ಪಾರ್ಕ್ ಪ್ಲಗ್, ಇಗ್ನಿಷನ್ ಟೈಮಿಂಗ್, ಇಂಗಾಲದ ಪದರ ಹಾಗೂ ಕೂಲಿಂಗ್ ವ್ಯವಸ್ಥೆಯನ್ನು ತಪಾಸಣೆ ಮಾಡಿಸಿರಿ. ಆಮೇಲೂ ಸದ್ದು ಉಳಿದರೆ ಹೆಚ್ಚಿನ ಆಕ್ಟೇನ್ ಪ್ರಯತ್ನಿಸಬಹುದು.

3. ಏಪ್ರಿಲ್ 2023ಕ್ಕಿಂತ ಹಿಂದಿನ ವಾಹನಗಳಲ್ಲಿ ಇಂಧನದ ರಬ್ಬರ್ ಕೊಳವೆ ಮತ್ತು ಗ್ಯಾಸ್ಕೆಟ್‌ಗಳನ್ನು ಪ್ರತಿ ಸರ್ವೀಸಿನಲ್ಲಿ ನೋಡಿಸಿರಿ. ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ನಂತರ ಇವನ್ನು ಬದಲಿಸಬೇಕಾಗಬಹುದೆಂದು ಸಚಿವಾಲಯವೇ ಹೇಳಿದೆ. ದುಬಾರಿ ಪೆಟ್ರೋಲಿಗೆ ಹೋಗುವ ಹಣವನ್ನು ಇದಕ್ಕೆ ಮೀಸಲಿಡುವುದು ಲೇಸು.

4. ಎಥೆನಾಲ್ ತೇವಾಂಶವನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದರೆ ಎಥೆನಾಲ್ ಮತ್ತು ನೀರು ಬೇರ್ಪಟ್ಟು ತಳ ಸೇರುತ್ತವೆ. ಸಿಂಪರಣಾ ಯಂತ್ರ, ಕಳೆ ಕೊಚ್ಚುವ ಯಂತ್ರಗಳನ್ನು ಹಂಗಾಮು ಮುಗಿದ ಮೇಲೆ ಟ್ಯಾಂಕ್ ಬರಿದುಮಾಡಿ, ಕಾರ್ಬ್ಯುರೇಟರ್ ಖಾಲಿಯಾಗುವವರೆಗೆ ಓಡಿಸಿ ಇಡಿರಿ. ಟೂ-ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಬೆರೆಸಿದ ಪೆಟ್ರೋಲನ್ನು ಅಂದಂದಿಗೆ ಬೇಕಾದಷ್ಟೇ ಸಿದ್ಧಪಡಿಸಿರಿ.

5. ಡೀಸೆಲ್ ಪಿಕಪ್ ಮತ್ತು ಟ್ರ್ಯಾಕ್ಟರುಗಳಿಗೆ ಈ ಚರ್ಚೆ ಅನ್ವಯಿಸುವುದಿಲ್ಲ.

6. ಟೈರಿನ ಗಾಳಿ, ಏರ್ ಫಿಲ್ಟರ್ ಮತ್ತು ಮಿತಿಯೊಳಗಿನ ಹೊರೆ, ಈ ಮೂರನ್ನು ಸರಿಯಾಗಿಟ್ಟರೆ ಪೆಟ್ರೋಲ್ ಬದಲಿಸುವುದಕ್ಕಿಂತ ಹೆಚ್ಚು ಉಳಿತಾಯವಾಗುತ್ತದೆ.

ರೈತನ ಎರಡು ಪಾತ್ರ

ನಮ್ಮ ಜಿಲ್ಲೆಯ ರೈತನು ಇ20ರ ಗ್ರಾಹಕನೂ ಹೌದು, ಅದರ ಕಚ್ಚಾವಸ್ತುವಾದ ಕಬ್ಬು ಮತ್ತು ಮೆಕ್ಕೆಜೋಳದ ಉತ್ಪಾದಕನೂ ಹೌದು. ಪಂಪಿನಲ್ಲಿ ಕಳೆದುಕೊಂಡದ್ದು ಹೊಲದಲ್ಲಿ ಮರಳುತ್ತದೆ ಎಂಬ ವಾದ ಆಕರ್ಷಕವಾದರೂ ಅದು ತಾನಾಗಿ ಆಗುವಂಥದ್ದಲ್ಲ. 2024-25ರಲ್ಲಿ ಮೆಕ್ಕೆಜೋಳದ ಎಥೆನಾಲಿಗೆ ತೈಲ ಕಂಪನಿಗಳು ಲೀಟರಿಗೆ 71.86 ರೂ., ಕಬ್ಬಿನ ರಸದ ಎಥೆನಾಲಿಗೆ 65.61 ರೂ. ದರ ನೀಡಿದವು. ಆದರೆ ಕಬ್ಬಿನ ಎಫ್‌ಆರ್‌ಪಿ ನಿಗದಿಯಾಗುವುದು ಸಕ್ಕರೆ ಇಳುವರಿಯ ಮೇಲೆ: 2025-26ಕ್ಕೆ ಶೇ. 10.25 ಇಳುವರಿಗೆ ಕ್ವಿಂಟಾಲಿಗೆ 355 ರೂ. ಅದೇ ಸಾಲಿನಲ್ಲಿ ಮೆಕ್ಕೆಜೋಳಕ್ಕೆ 2,400 ರೂ. ಬೆಂಬಲ ಬೆಲೆ ಘೋಷಣೆಯಾಗಿದ್ದರೂ ರಾಜ್ಯದ ಮಾರುಕಟ್ಟೆಗಳಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿಯಿತು. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಬೆಲೆಗಾಗಿ ಹೋರಾಡಬೇಕಾಯಿತು. ಎಥೆನಾಲಿನ ಆದಾಯದಲ್ಲಿ ಬೆಳೆಗಾರನ ಪಾಲೆಷ್ಟು ಎಂಬ ಪ್ರಶ್ನೆಯನ್ನು ರೈತ ಸಂಘಗಳೂ ಕಾರ್ಖಾನೆಗಳ ಸದಸ್ಯರೂ ಕೇಳುತ್ತಿರಬೇಕು.

ವಿಸ್ತರಣಾ ಕಾರ್ಯಕರ್ತರು ಯಂತ್ರೋಪಕರಣ ತರಬೇತಿಗಳಲ್ಲಿ ಮೇಲಿನ ಟ್ಯಾಂಕ್ ಪರೀಕ್ಷೆಯನ್ನು ರೈತರಿಂದಲೇ ಮಾಡಿಸಿ, ಅಂಕಿಗಳನ್ನು ಅವರ ಮುಂದೆಯೇ ಲೆಕ್ಕಹಾಕುವುದು ಸೂಕ್ತ. ಕೈಪಿಡಿ ಬೇಡದ ಆಕ್ಟೇನಿಗೆ ಹಣ ತೆರದೆ, ವರ್ಷದ ಆ 6,000 ರೂಪಾಯಿಯನ್ನು ವಾಹನದ ನಿರ್ವಹಣೆಗೆ ಬಳಸಿರೆಂಬುದೇ ನಮ್ಮ ಸಲಹೆ.